ಶಂಕ್ರವ್ವನ ಖವಾ ಮತ್ತು ಐವತ್ತೊಂದು ಗಂಟೆ

ಗದಗ
ಹೊಸ ಎಣಿಕೆಯ ೨೨೧೪ನೇ ಇಸವಿ, ಫೆಬ್ರವರಿ ಮೂವತ್ತು

ನಮಗಿಂತ ಮೊದಲು ಬಾಳಿದವರಿಗೆ, ನೀಲಗಂಗಾ ಹುಲಕೋಟಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಬರೆದವಳ ಕೈ ತಪ್ಪಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಸುಮ್ಮನೆ ಇರುತ್ತವೆ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಗ್ರಂಥಾಲಯದ ಹಳೆಯ ಪುಸ್ತಕಗಳಿಂದ ಕಲಿತವಳು. ಎಲ್ಲಿಯಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಧಾರವಾಡದಲ್ಲಿ ಹಿಂದೋಲೆ ಕಚೇರಿ ಎಂದೊಂದು ಇದೆ, ಸಂದುಹೋದ ಕಾಲದವರಿಗೆ ಬರೆದ ಕಾಗದಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಅವು ಮುಟ್ಟುತ್ತವೆಯೋ ಇಲ್ಲವೋ ಎಂಬುದು ಅಲ್ಲಿಯ ಗುಮಾಸ್ತರಿಗೂ ಗೊತ್ತಿಲ್ಲ. ಕೇಳಿದರೆ ಮುದ್ರೆ ಒತ್ತಿ, ಮುಂದಿನವರು ಬರ್ರಿ ಅನ್ನುತ್ತಾರೆ. ಮುಟ್ಟುತ್ತದೆ ಎಂಬ ಭರವಸೆ ಇದ್ದು ಬರೆಯುತ್ತಿಲ್ಲ. ಒಬ್ಬ ಮುದುಕಿ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಮತ್ತು ನಿಜ ಹೇಳಬೇಕೆಂದರೆ, ನಿಮ್ಮ ಮೇಲೆ ನನಗೆ ಸಿಟ್ಟಿದೆ.

ನಾನು ನಮ್ಮ ಓಣಿಯ ತಂಪುಮನೆಯ ಕಾವಲಗಿತ್ತಿ. ನಿಮ್ಮ ಕಾಲದಲ್ಲಿ ಮನೆಗೊಂದು ಫ್ರಿಜ್ ಇರುತ್ತಿತ್ತು ಎಂದು ಓದಿದ್ದೇನೆ. ನಮ್ಮಲ್ಲಿ ಓಣಿಗೊಂದು. ನಲವತ್ತೆರಡು ಮನೆಗಳಿಗೆ ಸೇರಿದ, ಮೊಳದಷ್ಟು ದಪ್ಪ ಗೋಡೆಯ, ಕಿಟಕಿಯಿಲ್ಲದ ಕಟ್ಟಡ. ಗೋಡೆಯೊಳಗೆ ಭತ್ತದ ಹೊಟ್ಟು ತುಂಬಿದೆ. ಒಳಗೆ ಎರಡು ಕೋಣೆ: ಮುಂದಿನದು ತಂಪು, ಹಿಂದಿನದು ಗಡ್ಡೆ. ಗಡ್ಡೆಕೋಣೆಯಲ್ಲಿ ಎಲ್ಲವೂ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಮನೆಗೊಂದು ಗೂಡು, ಗೂಡಿಗೊಂದು ನಂಬರು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಇಷ್ಟೇ ಹೊತ್ತು ಬಾಗಿಲು. ಜನ ಡಬ್ಬಿ, ಗಡಿಗೆ, ಬುಟ್ಟಿ ಹಿಡಿದುಕೊಂಡು ಸಾಲಾಗಿ ಬರುತ್ತಾರೆ. ಹಾಲು, ಮೊಸರು, ಮೀನು, ನಿನ್ನೆಯ ಪಲ್ಲೆ, ನೆನೆಸಿದ ಕಾಳು, ಯಾರದೋ ಮನೆಯ ಶೇಂಗಾ ಹೋಳಿಗೆ. ಯಾರ ಮನೆಯಲ್ಲಿ ಏನು ಉಳಿಯಿತು, ಯಾರ ಮನೆಗೆ ನೆಂಟರು ಬಂದರು ಎಂಬುದೆಲ್ಲ ಆ ಮನೆಯ ಗಂಡನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹದಿನಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಗೋಡೆಯ ಮೇಲೆ ಕಾವುಕಡ್ಡಿ ಎಂಬ ಸಾಧನವಿದೆ, ಒಳಗಿನ ಬಿಸಿಯನ್ನು ಹೊರಗಿನಿಂದಲೇ ಓದಬಹುದು. ಅದರ ಮೇಲೆ ಐದು ಡಿಗ್ರಿಯ ಹತ್ತಿರ ಕೆಂಪು ಗೆರೆ ಎಳೆದಿದೆ. ಅದರ ಕೆಳಗೆ ಇರುವಷ್ಟು ಹೊತ್ತು ನಾನು ನಿಶ್ಚಿಂತೆ.

ಕರೆಂಟು ಎಂಬ ನಿಮ್ಮ ಮಾತನ್ನು ನಾವು ಬಿಟ್ಟಿಲ್ಲ, ಅದು ಹೋಗುವುದನ್ನೂ ಬಿಟ್ಟಿಲ್ಲ. ನಮ್ಮ ಕರೆಂಟು ಬಿಸಿಲಿನಿಂದ ಮತ್ತು ಗಾಳಿಯಿಂದ ಬರುತ್ತದೆ. ಬೇಸಿಗೆಯಲ್ಲಿ ಬಡಗಣ ದಿಕ್ಕಿನಿಂದ ಕೆಂಧೂಳಿ ಎಂಬುದು ಎದ್ದು ಬರುತ್ತದೆ. ನಿಮ್ಮ ಕಾಲದಲ್ಲಿ ಅದು ಇರಲಿಲ್ಲ ಎಂದು ಕಾಣುತ್ತದೆ. ಇಟ್ಟಿಗೆ ಬಣ್ಣದ ಧೂಳು ಆಕಾಶವನ್ನೇ ಮುಚ್ಚುತ್ತದೆ, ಕರೆಂಟು ಕೊಡುವ ಬಿಸಿಲುಹಲಗೆಗಳ ಮೇಲೆ ಬೆರಳು ದಪ್ಪ ಕೂತುಕೊಳ್ಳುತ್ತದೆ, ಗಾಳಿಯ ರಭಸಕ್ಕೆ ಕಪ್ಪತಗುಡ್ಡದ ಗಾಳಿಗಂಬಗಳನ್ನು ನಿಲ್ಲಿಸಿಬಿಡುತ್ತಾರೆ. ಇರುವ ಅಷ್ಟಿಷ್ಟು ಕರೆಂಟು ಆಸ್ಪತ್ರೆಗೆ, ಕುಡಿಯುವ ನೀರಿಗೆ. ಉಳಿದವರು ಕಾಯಬೇಕು. ಸಾಮಾನ್ಯವಾಗಿ ಐದಾರು ಗಂಟೆ. ಅಷ್ಟಕ್ಕೆ ನಮ್ಮ ತಂಪುಮನೆ ಹೆದರುವುದಿಲ್ಲ. ಬಾಗಿಲು ಮುಚ್ಚಿಯೇ ಇಟ್ಟರೆ ಮುಂದಿನ ಕೋಣೆ ಒಂದು ಹಗಲು ಒಂದು ರಾತ್ರಿ ತಡೆಯುತ್ತದೆ, ಗಡ್ಡೆಕೋಣೆ ಮೂರು ದಿನ. ಬಾಗಿಲು ಮುಚ್ಚಿಯೇ ಇಟ್ಟರೆ. ಈ ಮಾತನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ!

ಹೋದ ಏಪ್ರಿಲ್‌ನ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕೆಂಧೂಳಿ ಬಂತು, ಕರೆಂಟು ಹೋಯಿತು. ನಾನು ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೆ ಹೊತ್ತು ಬರೆದೆ, ಕೀಲಿ ಹಾಕಿದೆ. ಹಾಕುವ ಮೊದಲು ಔಷಧಿಯ ಪೆಟ್ಟಿಗೆಯನ್ನು ಮಂಜಿನ ಗಡ್ಡೆ ತುಂಬಿ ಹೊರಗೆ ತೆಗೆದಿಟ್ಟೆ. ನಮ್ಮ ಓಣಿಯಲ್ಲಿ ಆರು ಜನ ಸಕ್ಕರೆ ರೋಗದ ಸೂಜಿ ಚುಚ್ಚಿಕೊಳ್ಳುತ್ತಾರೆ. ಧೂಳು ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು, ಅವರ ಔಷಧಿಯ ವಿಷಯದಲ್ಲಿ ಕಾದು ನೋಡುವ ಹಾಗಿಲ್ಲ ಎಂದು ನನ್ನ ತಲೆಯಲ್ಲಿ ಕೂತಿತ್ತು. ಅದನ್ನು ಆಸ್ಪತ್ರೆಯ ತಂಪುಪೆಟ್ಟಿಗೆಗೆ ಮುಟ್ಟಿಸಿ ಬರಬೇಕು. ಮೂಗು ಬಾಯಿಗೆ ಹಸಿ ಬಟ್ಟೆ ಕಟ್ಟಿಕೊಂಡು, ಪೆಟ್ಟಿಗೆ ಹೊತ್ತುಕೊಂಡು, ಒಂದು ಮೈಲಿ ನಡೆದು ಹೋದೆ. ಧೂಳಿನಲ್ಲಿ ದಾರಿ ಕಾಣದೆ ಹೋಗಿ ಬರಲು ಮೂರೂವರೆ ಗಂಟೆ ಹಿಡಿಯಿತು.

ಬಂದು ನೋಡಿದರೆ ತಂಪುಮನೆಯ ಬಾಗಿಲು ಹಾರು ಹೊಡೆದಿತ್ತು. ಎದುರಿಗೆ ಹಗ್ಗದ ಹೊರಸು ಹಾಕಿ ನಾಲ್ಕು ಜನ ಮುದುಕರು ಕಾಲು ಚಾಚಿ ಮಲಗಿದ್ದರು. ಹೊಸ್ತಿಲ ಮೇಲೆ ಹೆಂಗಸರು ಕೂತು ಸೆರಗಿನಿಂದ ತಣ್ಣನೆ ಗಾಳಿಯನ್ನು ಮುಖಕ್ಕೆ ಬೀಸಿಕೊಳ್ಳುತ್ತಿದ್ದರು. ಇದನ್ನೆಲ್ಲ ನಡೆಸಿದ್ದವರು ಓಣಿ ಪಂಚರ ಹಿರಿಯ ವಿರೂಪಾಕ್ಷಪ್ಪ ಕೊಣ್ಣೂರ. ನಲವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವರು. ಪಂಚರ ಪೆಟ್ಟಿಗೆಯಲ್ಲಿದ್ದ ಎರಡನೇ ಕೀಲಿ ಅವರ ಸೊಂಟದಲ್ಲಿ ನೇತಾಡುತ್ತಿತ್ತು.

“ಏನ್ರೀ ಮಾಸ್ತರ, ಇದೇನ್ ಮಾಡೀರಿ!” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಧಗಿ ತಡ್ಯಾಕ ಆಗವಲ್ದು ತಂಗಿ. ನಲವತ್ಮೂರು ಡಿಗ್ರಿ ಐತಿ. ಮುದುಕ್ರು ಮೋತಿ ನೋಡು, ಹೆಂಗ ಬಾಡ್ಯಾವ. ಮಂದಿ ಸಾಯೂ ಹೊತ್ತಿನ್ಯಾಗ ಪಲ್ಲೇದ ಚಿಂತಿ ಮಾಡ್ತಿಯಲ್ಲ.”

“ಮುದುಕ್ರನ್ನ ಗುಡಿ ನೆಲಮನಿಗೆ ಕರ್ಕೊಂಡು ಹೋಗಬೇಕಿತ್ರಿ, ಅಲ್ಲಿ ತಂಪ ಐತಿ. ಅದಕ್ಕಂತನ ಕಟ್ಟಿಸೇವಿ ಅದನ್ನ.”

“ಅಲ್ಲೀತನಾ ಯಾರು ನಡೀತಾರ? ಮುಚ್ಚೋಣಂತ ತೊಗೊ, ಏನಾಗೂದೈತಿ? ಒಳಗ ಕೈ ಹಾಕಿ ನೋಡು, ಇನ್ನೂ ಥಂಡಿನ ಐತಿ.”

ಕಾವುಕಡ್ಡಿ ಆಗಲೇ ಹನ್ನೊಂದು ತೋರಿಸುತ್ತಿತ್ತು. ಎಲ್ಲರನ್ನೂ ಎಬ್ಬಿಸಿ ಬಾಗಿಲು ಹಾಕುವಷ್ಟರಲ್ಲಿ ಇನ್ನಷ್ಟು ಜನ ಬಂದರು. ಒಬ್ಬಳು ಮಗುವಿಗೆ ಹಾಲು ಬೇಕೆಂದಳು. ಇನ್ನೊಬ್ಬ ತನ್ನ ಮೀನು ಕೆಟ್ಟಿದೆಯೋ ಇಲ್ಲವೋ ಮೂಸಿ ನೋಡಿ ಹೋಗುತ್ತೇನೆಂದ. ಹೊರಗೆ ಪುಡಿಹಾಲು ಇದೆ, ಕಟ್ಟಿಗೆಯ ಒಲೆಯ ಮೇಲೆ ಬೇಯಿಸಿದ ಒಣ ರೊಟ್ಟಿ ಇದೆ, ಚಟ್ನಿಪುಡಿ ಇದೆ, ಉಪ್ಪಿನಕಾಯಿ ಇದೆ, ಎರಡು ದಿನ ಅದನ್ನೇ ತಿಂದರೆ ಯಾರೂ ಸಾಯುವುದಿಲ್ಲ ಎಂದು ಹೇಳಿದೆ. ನನಗೆ ಸೊಕ್ಕು ಎಂದರು. ಸಂಜೆಯ ಹೊತ್ತಿಗೆ ನನ್ನ ಕಣ್ಣೆದುರೇ ಬಾಗಿಲು ಇನ್ನೂ ಮೂರು ಸಲ ತೆರೆಯಿತು, ಮಾಸ್ತರರ ಕೀಲಿಯಿಂದ. ನಾನು ಅಡ್ಡ ನಿಂತರೆ ಅವರು ನನ್ನ ತಂದೆಯ ಹೆಸರು ಹೇಳಿ, ನಿಮ್ಮಪ್ಪಗ ನಾ ಅಕ್ಷರ ಕಲಿಸೀನಿ, ಸರಿ ಅತ್ಲಾಗ, ಅಂದರು. ಸರಿದೆ. ಅಕ್ಷರ ಕಲಿಸಿದವರನ್ನು ತಳ್ಳುವುದು ಹೇಗೆ?

ಗುರುವಾರ ಬೆಳಿಗ್ಗೆ ಕಾವುಕಡ್ಡಿ ಇಪ್ಪತ್ತು ತೋರಿಸುತ್ತಿತ್ತು. ಮುಂದಿನ ಕೋಣೆಯ ಕತೆ ಮುಗಿದಿತ್ತು. ನಾನು ಓಣಿಯವರನ್ನು ಕರೆದು ಹೇಳಿದೆ: ಹಾಲು, ಮೀನು, ಮೊಟ್ಟೆ, ಖವಾ, ಬೇಯಿಸಿದ ಅನ್ನ, ಪಲ್ಲೆ, ಹಿಟ್ಟು ಕಲಸಿಟ್ಟದ್ದು ಎಲ್ಲ ಚೆಲ್ಲಬೇಕು. ತುಪ್ಪ, ಉಪ್ಪಿನಕಾಯಿ, ಇಡೀ ತರಕಾರಿ, ಹಣ್ಣು ಒಯ್ಯಬಹುದು. ಗಡ್ಡೆಕೋಣೆಯಲ್ಲಿ ಯಾವುದರ ಮೈಮೇಲೆ ಇನ್ನೂ ಹಿಮದ ಹರಳು ಇದೆಯೋ ಅದು ಉಳಿಯುತ್ತದೆ, ಮೆತ್ತಗಾದದ್ದು ಉಳಿಯುವುದಿಲ್ಲ. ಕೆಂಪು ಗೆರೆ ದಾಟಿ ಎರಡು ಗಂಟೆ ಕಳೆದರೆ ಮುಗಿಯಿತು. ಇಲ್ಲಿ ಗೆರೆ ದಾಟಿ ಆಗಲೇ ಹದಿನೆಂಟು ಗಂಟೆಯಾಗಿತ್ತು.

ಎಷ್ಟು ಜಗಳವಾಯಿತು ಎಂಬುದನ್ನು ಬರೆಯಲಾರೆ. ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದರು. ನೋಡು, ನಾರತೈತೇನು, ಹೇಳು, ನಾರತೈತೇನು? ನಾರುತ್ತಿರಲಿಲ್ಲ. ಹೆಚ್ಚಿನವು ನಾರುತ್ತಿರಲಿಲ್ಲ. ನನ್ನ ಕಷ್ಟವೇ ಅದು. ನಾರುವ ಪದಾರ್ಥವನ್ನು ಚೆಲ್ಲಲು ಕಾವಲಗಿತ್ತಿ ಬೇಕಾಗಿಲ್ಲ, ಬೆಕ್ಕು ಕೂಡ ಅದನ್ನು ಬಿಟ್ಟು ಹೋಗುತ್ತದೆ.

ಎಲ್ಲರ ಹಿಂದೆ ನಿಂತಿದ್ದವಳು ಶಂಕ್ರವ್ವ. ಎಪ್ಪತ್ತೆಂಟು ವರ್ಷದ ಮುದುಕಿ, ನನ್ನ ಮನೆಯಿಂದ ಮೂರನೇ ಮನೆ. ಮಗ ಸೊಸೆ ಇಬ್ಬರೂ ಇಲ್ಲದ ಮೇಲೆ ಮೊಮ್ಮಗಳು ಸುಗಲಾಳನ್ನು ತಾನೇ ಬೆಳೆಸಿದವಳು. ಸುಗಲಾ ಏಳು ತಿಂಗಳ ಬಸುರಿ. ಶುಕ್ರವಾರ ಅವಳ ಕುಬುಸ, ಅಂದರೆ ಬಸುರಿಗೆ ಹಸಿರು ಬಳೆ, ಹೊಸ ಕುಬುಸ ತೊಡಿಸಿ ಉಣ್ಣಿಸುವ ದಿನ. ನಿಮ್ಮಲ್ಲಿಯೂ ಇತ್ತಲ್ಲ. ಅದಕ್ಕಾಗಿ ಶಂಕ್ರವ್ವ ಮಂಗಳವಾರ ಹನ್ನೆರಡು ಲೀಟರ್ ಎಮ್ಮೆಯ ಹಾಲನ್ನು ಒಲೆಯ ಮುಂದೆ ಐದು ತಾಸು ನಿಂತು ತಿರುವಿ ಖವಾ ಮಾಡಿದ್ದಳು. ತಳ ಹಿಡಿಯಬಾರದೆಂದು ಒಂದು ಗಳಿಗೆಯೂ ಕೂತಿರಲಿಲ್ಲ. ಮಂಗಳವಾರ ಸಂಜೆ ಅವಳು ಆ ಖವಾದ ಗಡಿಗೆ ತಂದಾಗ ನಾನೇ ಗೂಡಿಗೆ ಇಟ್ಟಿದ್ದೆ. ಅವಳ ಬಲಗೈಯ ತೋರುಬೆರಳಿಗೆ ಹಳದಿಯಾದ ಬಟ್ಟೆ ಸುತ್ತಿತ್ತು. ತುರಿಯುವ ಮಣೆಗೆ ಬೆರಳು ಕೊಯ್ದುಕೊಂಡು ನಾಲ್ಕು ದಿನವಾಗಿದೆ, ಕೀವು ತುಂಬಿದೆ ಎಂದಿದ್ದಳು. ಖವಾವನ್ನು ಆ ಕೈಯಿಂದಲೇ ಉಂಡೆ ಕಟ್ಟಿದ್ದಳು. ನಾನು ಬೆರಳನ್ನು ನೋಡಿದೆ, ಅಯ್ಯೋ ಪಾಪ ಅಂದೆ, ಗಡಿಗೆಯನ್ನು ಗೂಡಿನೊಳಗೆ ಸರಿಸಿದೆ. ಕಾವು ಕೆಂಪು ಗೆರೆಯ ಕೆಳಗಿದ್ದರೆ ಅಷ್ಟರಿಂದ ಏನೂ ಆಗುತ್ತಿರಲಿಲ್ಲವೇನೋ.

“ಶಂಕ್ರವ್ವ ಚಿಗವ್ವ, ಇದೂ ಹೋಗಬೇಕವ್ವ,” ಅಂದೆ.

ಅವಳು ಗಡಿಗೆಯನ್ನು ಎದೆಗೆ ಅವಚಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಚೆಲ್ಲಬ್ಯಾಡ ನನ್ನವ್ವ. ನನ್ನ ಕಣ್ಣಾಗ ಅದನ್ನ ಮಣ್ಣಿಗೆ ಸುರೀಬ್ಯಾಡ. ಎಮ್ಮಿಗೆ ಹಾಕ್ತೀನಿ. ಅದರ ಹಾಲು ಅದಕ್ಕ ಹೋಗ್ಲಿ.”

“ಖರೇ ಎಮ್ಮಿಗೆ ಹಾಕ್ತಿ?”

“ನಿನ್ನ ಮುಂದ ಸುಳ್ಳ ಹೇಳ್ಲಿ?”

ಚೆಲ್ಲುವ ಪದಾರ್ಥವನ್ನು ಕಾವಲಗಿತ್ತಿ ತನ್ನ ಕೈಯಾರೆ ಗುಂಡಿಗೆ ಸುರಿದು ಮೇಲೆ ಸುಣ್ಣ ಹಾಕಬೇಕು ಎಂಬುದು ನಿಯಮ. ಯಾರ ಕೈಗೂ ಕೊಡುವಂತಿಲ್ಲ. ನಾನು ಕೊಟ್ಟೆ. ಉಳಿದ ನಲವತ್ತೊಂದು ಮನೆಯವರ ಜೊತೆ ಬೆಳಿಗ್ಗೆಯಿಂದ ಹೊಡೆದಾಡಿ ಬಸವಳಿದಿದ್ದೆ ಎಂಬುದು ಒಂದು ಸಬೂಬು. ಆ ಮುದುಕಿಯ ಮುಖ ನೋಡಲಾಗಲಿಲ್ಲ ಎಂಬುದು ಇನ್ನೊಂದು. ಎರಡೂ ನಿಜ, ಎರಡೂ ಯಾತಕ್ಕೂ ಬರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಧೂಳು ಇಳಿಯಿತು. ಎರಡು ಗಂಟೆಗೆ ಕರೆಂಟು ಬಂತು. ಐವತ್ತೊಂದು ಗಂಟೆಯ ಮೇಲೆ ನನ್ನ ತಂಪುಮನೆ ಮತ್ತೆ ಗುಂಯ್ ಎಂದಾಗ ನಾನು ಒಳಗೆ ಮಂಡಿಯೂರಿ ಕೂತು ಗೂಡುಗಳನ್ನು ಬಿಸಿನೀರಿನಿಂದ ಒರೆಸುತ್ತಿದ್ದೆ. ಹೊರಗೆ ಓಣಿಯಲ್ಲಿ ಚಪ್ಪರದ ಕೆಳಗೆ ಕುಬುಸದ ಊಟ ನಡೆದಿತ್ತು. ಕೈ ತೊಳೆದು, ಸೀರೆ ಬದಲಿಸಿ ಹೋಗುವಷ್ಟರಲ್ಲಿ ಎರಡನೇ ಪಂಕ್ತಿ ಏಳುತ್ತಿತ್ತು. ಸುಗಲಾ ಹಸಿರು ಸೀರೆಯುಟ್ಟು, ಮೊಳಕೈವರೆಗೆ ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಶಂಕ್ರವ್ವನ ತಂಗಿ ತಿಪ್ಪವ್ವ. ಮುಂಡರಗಿಯಿಂದ ಇದಕ್ಕೆಂದೇ ಬಂದಿದ್ದಳು. ಇಬ್ಬರ ಎಲೆಯ ಮುಂದೆಯೂ ಬಟ್ಟಲು, ಬಟ್ಟಲಲ್ಲಿ ಕೇಸರಿ ಬಣ್ಣದ ಬಾಸುಂದಿ.

“ಚಿಗವ್ವ, ಬಾಸುಂದಿಗೆ ಖವಾ ಎಲ್ಲೀದು?” ಎಂದು ಕೇಳಿದೆ.

ಶಂಕ್ರವ್ವ ಸೌಟು ಹಿಡಿದುಕೊಂಡೇ ನಕ್ಕಳು. ಅವಳ ಮುಖದಲ್ಲಿ ಒಂದಿಷ್ಟೂ ಅಳುಕು ಇರಲಿಲ್ಲ. “ಎಮ್ಮಿಗೆ ಹಾಕಾಕಂತನ ಹೋಗಿದ್ನೆವ್ವ. ಮುಚ್ಚಳ ತಗದು ಮೂಸಿದ್ನಿ, ಹೂವಿನಂಗ ಘಮ್ ಅಂತು. ಚೂರು ನಾಲಗಿಗಿ ಹಚ್ಚಿದ್ನಿ, ಸಕ್ಕರಿ ಇದ್ದಂಗ ಇತ್ತು. ಹೊಸಾ ಹಾಲು ಹಾಕಿ ಮೂರು ಸಲ ಉಕ್ಕಿಸೀನಿ. ಮೂರು ಸಲ ಉಕ್ಕಿದ್ಮ್ಯಾಲ ಅದರಾಗ ಏನು ಉಳೀತೈತಿ ಹೇಳು?”

ನಾನು ಕೂಗಿದೆ. ಎಲ್ಲರೂ ಬಟ್ಟಲು ಕೆಳಗಿಡ್ರಿ, ಯಾರೂ ಬಾಸುಂದಿ ಮುಟ್ಟಬ್ಯಾಡ್ರಿ, ತಿಂದವರು ಈಗ ಆಸ್ಪತ್ರಿಗೆ ನಡೀರಿ ಎಂದು ಚಪ್ಪರ ಹಾರುವಂತೆ ಕೂಗಿದೆ. ಸುಗಲಾಳ ಕೈಯಿಂದ ಬಟ್ಟಲು ಕಸಿದುಕೊಂಡೆ. ಅಷ್ಟರಲ್ಲಿ ಅದು ಖಾಲಿಯಾಗಿತ್ತು. ಹೆಂಗಸರು ನನ್ನ ರಟ್ಟೆ ಹಿಡಿದು ಎಳೆದರು. ಬಸುರಿಯ ಮುಂದೆ, ಆರತಿ ಎತ್ತುವ ಹೊತ್ತಿನಲ್ಲಿ, ಇಂಥ ಕೆಟ್ಟ ಮಾತು ಆಡುತ್ತೀಯಲ್ಲ ಎಂದರು. ಮಾಸ್ತರ ವಿರೂಪಾಕ್ಷಪ್ಪನವರು ಪಂಕ್ತಿಯ ಕೊನೆಯಲ್ಲಿ ಕೂತಿದ್ದರು. ನನ್ನ ಕಡೆಗೇ ನೋಡುತ್ತ ಇನ್ನೊಂದು ಬಟ್ಟಲು ಹಾಕಿಸಿಕೊಂಡರು, ಎಲ್ಲರಿಗೂ ಕಾಣುವಂತೆ ಎತ್ತಿ ಕುಡಿದರು, ಮೀಸೆ ಒರೆಸಿಕೊಂಡರು.

“ನೋಡ್ರಿ, ನಾ ಕುಡದೀನಿ. ಏನಾತು?” ಅಂದರು. ಜನ ನಕ್ಕರು.

ನಾಲ್ಕೂವರೆಗೆ ಮೊದಲನೆಯವರಿಗೆ ವಾಂತಿ ಶುರುವಾಯಿತು. ಅದು ಮಾಸ್ತರರಿಗೇ. ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತಮೂರು ಜನ. ಚಪ್ಪರದ ಕೆಳಗಿದ್ದ ಚಾಪೆಗಳ ಮೇಲೆಯೇ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದರು. ನಾನು ಒಬ್ಬೊಬ್ಬರಿಗೂ ಉಪ್ಪು ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಕುಡಿಸಿದ್ದು ಹೊರಗೆ ಬರುತ್ತಿತ್ತು, ಮತ್ತೆ ಕುಡಿಸುತ್ತಿದ್ದೆ. ಕೈಗಾಡಿಗಳಲ್ಲಿ ಮಲಗಿಸಿ ಒಬ್ಬೊಬ್ಬರನ್ನೇ ಆಸ್ಪತ್ರೆಗೆ ಸಾಗಿಸಿದೆವು. ಸುಗಲಾಳಿಗೆ ಮೈಯ ನೀರೆಲ್ಲ ಹೋಗಿ ತುಟಿ ಒಡೆದಿತ್ತು, ದಾರಿಯಲ್ಲೇ ನೋವು ಕಾಣಿಸಿಕೊಂಡಿತು. ನನ್ನ ಕೈ ಹಿಡಿದುಕೊಂಡು, “ಅಕ್ಕಾ, ಇನ್ನೂ ಎರಡು ತಿಂಗಳು ಐತಿ, ಈಗ ಬರಬಾರದು ಅದು, ಬ್ಯಾಡನ್ನು ಅದಕ್ಕ,” ಅಂದಳು. ಅವಳ ಬಳೆಗಳು ನನ್ನ ಮಣಿಕಟ್ಟಿಗೆ ಒತ್ತಿ ಗೆರೆ ಮೂಡಿದವು. ನಾನು ಗಾಡಿ ನೂಕುವವರಿಗೆ ಬೇಗ ಬೇಗ ಅಂದೆ.

ಶನಿವಾರ ಬೆಳಿಗ್ಗೆ ಮಗು ಹುಟ್ಟಿತು. ಹೆಣ್ಣು. ಒಂದೂವರೆ ಕಿಲೋ ತೂಕ, ಅಂಗೈಯಲ್ಲಿ ಹಿಡಿಸುವಷ್ಟು. ಕಾವುಪೆಟ್ಟಿಗೆಯಲ್ಲಿ ನಲವತ್ತು ದಿನ ಇಟ್ಟರು. ಬದುಕಿದೆ. ಈಗ ಹತ್ತು ತಿಂಗಳು, ಇನ್ನೂ ಕೂರಲು ಬರುವುದಿಲ್ಲ, ಒಂದು ಕಿವಿ ಕೇಳಿಸುವುದಿಲ್ಲವೇನೋ ಎಂದು ವೈದ್ಯರಿಗೆ ಅನುಮಾನ. ಸುಗಲಾ ಬದುಕಿದಳು. ತಿಪ್ಪವ್ವ ಭಾನುವಾರ ತೀರಿಕೊಂಡಳು. ಎಪ್ಪತ್ತನಾಲ್ಕು ವರ್ಷ, ಮೊದಲೇ ಹೃದಯ ದುರ್ಬಲವಾಗಿತ್ತು, ಅಷ್ಟು ವಾಂತಿ ಭೇದಿಯನ್ನು ತಡೆಯಲಿಲ್ಲ. ಅಕ್ಕನ ಮೊಮ್ಮಗಳಿಗೆ ಬಳೆ ತೊಡಿಸಲು ಬಂದವಳನ್ನು ಹೊತ್ತುಕೊಂಡು ಮುಂಡರಗಿಗೆ ಹೋದರು.

ಎರಡು ವಾರದ ಮೇಲೆ ಪಂಚರು ಸಭೆ ಕರೆದರು. ಆರೋಗ್ಯ ಕಚೇರಿಯ ಕಾಗದವನ್ನು ನಾನೇ ಓದಿದೆ. ಕೀವಿನ ಬೆರಳಿನಿಂದ ಖವಾಕ್ಕೆ ಸೂಕ್ಷ್ಮಜೀವಿಗಳು ಸೇರಿವೆ. ಒಂದೂವರೆ ದಿನದ ಸೆಕೆಯಲ್ಲಿ ಅವು ಲೆಕ್ಕವಿಲ್ಲದಷ್ಟು ಹೆಚ್ಚಿ ಒಂದು ಬಗೆಯ ವಿಷವನ್ನು ಬಿಟ್ಟಿವೆ. ಕುದಿಸಿದರೆ ಜೀವಿಗಳು ಸಾಯುತ್ತವೆ. ಅವು ಬಿಟ್ಟ ವಿಷ ಸಾಯುವುದಿಲ್ಲ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಬಣ್ಣವಿಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿತ್ತು. ಎರಡು ಸಲ ಓದಿದೆ. ಓದಿ ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಅಲ್ರೀ, ವಿಷ ಇದ್ದಿದ್ರ ವಾಸನಿ ಬರ್ತಿದ್ದಿಲ್ಲೇನು?” ನಾನು ಮೂರನೇ ಸಲ ಓದಿದೆ. ಆಗ ಮಾಸ್ತರ ಎದ್ದು ನಿಂತರು. ಹತ್ತು ದಿನ ಹಾಸಿಗೆ ಹಿಡಿದು ಕೆನ್ನೆ ಒಳಗೆ ಹೋಗಿತ್ತು. “ಮೂರು ಸಲ ಕುದಿಸಿದ್ದು ಕೆಡಾಕ ಸಾಧ್ಯನ ಇಲ್ಲ. ತಪ್ಪು ಹೊಸಾ ಹಾಲಿನ್ಯಾಗ ಇರಬೇಕು, ಇಲ್ಲಾ ಕುಡಿಯೂ ನೀರಿನ್ಯಾಗ,” ಅಂದರು. ಹೌದೆಂಬಂತೆ ತಲೆಗಳು ಆಡಿದವು. ಮಂಗಲಕಾರ್ಯದಲ್ಲಿ ಕೂಗಿ ಅಪಶಕುನ ಮಾಡಿದವರು ಯಾರು ಎಂದು ಒಬ್ಬ ಹೆಂಗಸು ಗೊಣಗಿದಳು. ಕೊನೆಗೆ ಆದ ತೀರ್ಮಾನ ಹೀಗಿದೆ: ಕಾವಲಗಿತ್ತಿ ನಿಯಮ ಮೀರಿ ಪದಾರ್ಥ ಹೊರಗೆ ಕೊಟ್ಟದ್ದು ತಪ್ಪು, ಅವಳಿಗೆ ಎಚ್ಚರಿಕೆ. ಅದು ಸರಿಯೇ, ತಲೆ ಬಾಗಿಸಿದೆ. ಮತ್ತು ಇನ್ನು ಮುಂದೆ ಕರೆಂಟು ಹೋದಾಗ ಜನ ತಮ್ಮ ಪದಾರ್ಥವನ್ನು ಆಗಾಗ ತೆಗೆದು ಪರೀಕ್ಷಿಸಿಕೊಳ್ಳಲು ಅನುಕೂಲವಾಗುವಂತೆ ಮೂರನೆಯದೊಂದು ಕೀಲಿ ಮಾಡಿಸಬೇಕು.

ಮೂರನೇ ಕೀಲಿ! ನಾನು ಅವತ್ತು ಮನೆಗೆ ಬಂದು ಒಂದು ಹಿತ್ತಾಳೆಯ ಕೊಡವನ್ನು ಗೋಡೆಗೆ ಎಸೆದೆ. ಹದಿನಾರು ವರ್ಷದಲ್ಲಿ ಮೊದಲ ಸಲ.

ಆಮೇಲೆ ನಿಮ್ಮ ಕಾಲದ ಪುಸ್ತಕಗಳನ್ನು ಹುಡುಕಲು ಹೋದೆ. ಇದು ಎಲ್ಲಿಂದ ಶುರುವಾಯಿತು ಎಂದು ತಿಳಿಯಬೇಕಿತ್ತು. ನೀವು ಅರಿಯದವರಾಗಿದ್ದರೆ ನಿಮ್ಮನ್ನು ಕ್ಷಮಿಸಿಬಿಡಬಹುದಿತ್ತು. ಆದರೆ ಗ್ರಂಥಾಲಯದ ಕಪಾಟಿನಲ್ಲಿ, ಮಡಿಸಿದರೆ ಪುಡಿಯಾಗುವ ಕಾಗದದ ಮೇಲೆ, ಎಲ್ಲವೂ ಇತ್ತು. ಬಾಗಿಲು ಮುಚ್ಚಿಟ್ಟ ಮನೆಯ ಫ್ರಿಜ್ ನಾಲ್ಕು ಗಂಟೆ ತಡೆಯುತ್ತದೆ ಎಂದು ಇತ್ತು. ತುಂಬಿದ ಗಡ್ಡೆಪೆಟ್ಟಿಗೆ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ಎಂದು ಇತ್ತು. ಮೂಸಿ, ರುಚಿ ನೋಡಿ ನಿರ್ಧರಿಸಬೇಡಿ, ಅನುಮಾನವಿದ್ದರೆ ಚೆಲ್ಲಿ ಎಂದು ದಪ್ಪ ಅಕ್ಷರದಲ್ಲಿ ಇತ್ತು. ಇನ್ನೂರು ವರ್ಷದ ಹಿಂದೆ! ನೀವು ಇದನ್ನು ಅಚ್ಚು ಹಾಕಿದಿರಿ, ಹಂಚಿದಿರಿ, ಮತ್ತು ನಿಮ್ಮ ಅಡುಗೆಮನೆಯಲ್ಲಿ ನಿಂತು ಮಗಳಿಗೆ, ಏನಾಗಲ್ಲ, ಒಂದು ಕುದಿ ಕುದಿಸು, ಎಂದಿರಿ. ಕಾಗದದ ಮಾತು ಕಪಾಟಿಗೆ ಹೋಯಿತು. ಅಡುಗೆಮನೆಯ ಮಾತು ನಮ್ಮವರೆಗೆ ಬಂತು.

ಈ ಅಡುಗೆಮನೆಯ ಮಾತಿನ ವಿಷಯ ನಾನು ಹೇಳಿದ್ದಲ್ಲ, ಶಂಕ್ರವ್ವ ಹೇಳಿದ್ದು. ಸಭೆಗೆ ಅವಳು ಬಂದಿರಲಿಲ್ಲ. ಮೂರು ತಿಂಗಳು ಮನೆಯ ಹೊಸ್ತಿಲು ದಾಟಿರಲಿಲ್ಲ, ಒಲೆ ಹಚ್ಚಿರಲಿಲ್ಲ, ಸುಗಲಾ ಮಾಡಿ ಹಾಕಿದ್ದನ್ನು ಉಣ್ಣುತ್ತಿದ್ದಳು. ಮಳೆಗಾಲದ ಒಂದು ಬೆಳಿಗ್ಗೆ ಬಾಗಿಲು ಮುಚ್ಚುವ ಹೊತ್ತಿಗೆ ಬಂದು ತಂಪುಮನೆಯ ಕಟ್ಟೆಯ ಮೇಲೆ ಕೂತಳು. ಬೆರಳು ವಾಸಿಯಾಗಿ ತುದಿ ಸೊಟ್ಟಗಾಗಿತ್ತು.

“ಅವರೆಲ್ಲಾ ಹಾಲಿಂದ ಅಂತಾರಂತ, ನೀರಿಂದ ಅಂತಾರಂತ. ನನ್ನ ಮೋತಿ ನೋಡಿ ಹಂಗ ಅಂತಾರ. ನೀ ಓದಿದ್ದಿ ಅಲ್ಲ ಆ ಕಾಗದಾ, ನನಗ ಓದು,” ಅಂದಳು.

ಓದಿದೆ. ಅವಳು ಒಮ್ಮೆ ಕೇಳಿದಳು, ಅಷ್ಟೇ. ಮತ್ತೆ ಓದಿಸಲಿಲ್ಲ, ವಾಸನೆಯ ಮಾತು ಎತ್ತಲಿಲ್ಲ.

“ಹಂಗಾರ ನಾನ ನಮ್ಮ ತಿಪ್ಪಿನ್ನ…” ಎಂದವಳು ಸೊಟ್ಟ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ ಅಂದಳು, “ಕುದಿಸಿದ್ರ ಎಲ್ಲಾ ಸರಿ ಹೋಕ್ಕೈತಿ ಅಂತ ನಮ್ಮವ್ವ ಹೇಳಿದ್ಲು. ಅಕಿಗೆ ಅಕಿ ಅವ್ವ ಹೇಳಿರ್ತಾಳ. ಯಾರೂ ಕೇಡು ಬಯಸಿ ಹೇಳ್ಲಿಲ್ಲಲ್ಲವ್ವ. ಹಿಂದಿನವರಿಗೆ ಪತ್ರಾ ಹಾಕ್ತಾರಂತಲ್ಲ ಧಾರವಾಡದಾಗ, ನೀ ಬರಿ. ಯಾರು ಮೊದಲ ಹೇಳಿದ್ರೋ ಅವರಿಗೆ ಮುಟ್ಟಲಿ. ನನ್ನ ಹೆಸರು ಹಾಕಿ ಬರಿ. ಶಂಕ್ರವ್ವ ಮಾಡಿದ್ದು ಅಂತ ಬರಿ, ಹಾಲಿನ ಮ್ಯಾಲ ಹಾಕಬ್ಯಾಡ.”

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೂ ಆರು ತಿಂಗಳು ಬರೆಯಲಾಗಲಿಲ್ಲ. ಕೂತಾಗಲೆಲ್ಲ ನಿಮಗೆ ಬೈಗುಳವಲ್ಲದೆ ಬೇರೇನೂ ಹೊಳೆಯುತ್ತಿರಲಿಲ್ಲ. ಈಗಲೂ ಪೂರ್ತಿ ತಣ್ಣಗಾಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮಲ್ಲಿ ಯಾರು ಇದನ್ನು ಓದುತ್ತೀರೋ ಅವರನ್ನು ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ನಿಮ್ಮ ಮನೆಯಲ್ಲಿ ಕರೆಂಟು ಹೋದಾಗ ಗಡಿಯಾರ ನೋಡಿ, ಹೊತ್ತನ್ನು ಬರೆದಿಡಿ. ಬಾಗಿಲು ಮುಚ್ಚಿ, ಮುಚ್ಚಿಯೇ ಇಡಿ, ಧಗೆಯಿದ್ದರೂ, ಹಿರಿಯರು ಹೇಳಿದರೂ. ನಾಲ್ಕು ಗಂಟೆ ದಾಟಿತೋ, ಹಾಲು, ಮಾಂಸ, ಬೇಯಿಸಿದ್ದು ಯಾವುದನ್ನೂ ಮೂಗಿಗೆ ಹಿಡಿಯಬೇಡಿ, ಒಲೆಯ ಮೇಲೆ ಇಡಬೇಡಿ, ಎಮ್ಮೆಗೆ ಹಾಕುತ್ತೇನೆಂದು ಯಾರ ಕೈಗೂ ಕೊಡಬೇಡಿ. ಚೆಲ್ಲಿ. ಐದು ತಾಸು ನಿಂತು ಮಾಡಿದ್ದಾದರೂ ಚೆಲ್ಲಿ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು, ಆಗ ನನ್ನನ್ನು ಬೈದುಕೊಳ್ಳಿ, ಅಷ್ಟು ದೂರದಿಂದ ನನಗೆ ತಾಗುವುದಿಲ್ಲ. ಮತ್ತು ಅದನ್ನು ಮಕ್ಕಳ ಎದುರಿಗೇ ಚೆಲ್ಲಿ. ಯಾಕೆ ಎಂದು ಅವರು ಕೇಳುತ್ತಾರೆ. ಕೇಳಿದಾಗ ಸುಮ್ಮನಿರಬೇಡಿ, ನಿಂತು ಹೇಳಿ. ಕಪಾಟಿನಲ್ಲಿಟ್ಟ ಕಾಗದವನ್ನು ನಾವು ತಡವಾಗಿ ಓದುತ್ತೇವೆ.

ನಿಮ್ಮ ನಂತರದವಳು,
ನೀಲಗಂಗಾ